ಹತ್ತೊಂಬತ್ತನೆಯ ಪ್ರಶ್ನೆ

ಮೂವತ್ತೊಂದು ಪ್ರಶ್ನೆಗಳಿದ್ದವು. ಎಲ್ಲವೂ ಇಂಗ್ಲಿಷಿನಲ್ಲಿ, ಒಂದರ ಕೆಳಗೊಂದು ನಂಬರು ಹಾಕಿ ಟೈಪು ಮಾಡಿದ್ದು. ಶಂಕ್ರೆಪ್ಪ ಶನಿವಾರ ಸಂಜೆ ಆ ಕಾಗದಗಳನ್ನು ವಕೀಲರ ಆಫೀಸಿನಿಂದ ತಂದು ರೊಟ್ಟಿಯ ಬುಟ್ಟಿಗೆ ಒರಗಿಸಿಟ್ಟು ಕೈ ತೊಳೆಯಲು ಹೋದ. ಪ್ರಶ್ನೆ ಕೇಳಿದವನು ಪರಕೀಯನಲ್ಲ. ಶಂಕ್ರೆಪ್ಪನ ಬೆನ್ನಿಗೆ ಬಿದ್ದ ತಮ್ಮ, ಹೆಸರು ಶ್ರೀಮಂತ, ಇರುವುದು ಬೊರಿವಲಿಯಲ್ಲಿ.

ಜಗಳ ಇರುವುದು ಗ್ರಾಂಟ್ ರೋಡಿನ ಈ ಒಂದು ಖೋಲಿಗಾಗಿ. ಚಾಳಿನ ಮೂರನೆಯ ಮಾಳಿಗೆ, ಹತ್ತಡಿ ಅಗಲ, ಹದಿನೆಂಟಡಿ ಉದ್ದ, ಮೂಲೆಯಲ್ಲೊಂದು ಪಾತ್ರೆ ತೊಳೆಯುವ ಮೋರಿ, ಗ್ಯಾಲರಿಯ ತುದಿಯಲ್ಲಿ ಎಲ್ಲರಿಗೂ ಸೇರಿ ನಾಲ್ಕು ಸಂಡಾಸು. ಇಷ್ಟು ವರ್ಷ ಇದನ್ನು ಮೂಸಿ ನೋಡುವವರೂ ಇರಲಿಲ್ಲ. ಈಗ ಬಿಲ್ಡರ್ ಒಬ್ಬ ಚಾಳು ಕೆಡವಿ ಟವರ್ ಕಟ್ಟುತ್ತಾನೆ, ಪ್ರತಿ ಬಾಡಿಗೆದಾರರಿಗೂ ಒಂದೊಂದು ಫ್ಲ್ಯಾಟು ಸಿಗುತ್ತದೆ. ಬಾಡಿಗೆ ರಸೀದಿ ಇದ್ದದ್ದು ತಾಯಿ ರುದ್ರವ್ವನ ಹೆಸರಿನಲ್ಲಿ. ಆಕೆ ತೀರಿಕೊಂಡು ಎರಡು ವರ್ಷವಾಯಿತು. ಸಾಯುವಾಗ ಆಕೆಯ ಜೊತೆ ವಾಸವಿದ್ದ ಮನೆಯವರು ಯಾರೋ ಅವರಿಗೆ ಖೋಲಿ, ಕಾನೂನು ಹೇಳುವುದು ಇಷ್ಟೇ. ವಾಸವಿದ್ದವರು ಶಂಕ್ರೆಪ್ಪ, ಅವನ ಹೆಂಡತಿ ಶಿವಕುಮಾರಿ, ಮಗಳು ಸ್ನೇಹಲ್. ಇಡೀ ಚಾಳಿಗೆ ಅದು ಗೊತ್ತು. ಆದರೂ ಶ್ರೀಮಂತ, ತಾಯಿಯ ಜೊತೆ ಇದ್ದವನು ತಾನೇ ಎಂದು ದಾವೆ ಹಾಕಿದ್ದ. ಬೊರಿವಲಿಯಲ್ಲಿ ಹೆಂಡತಿಯ ಹೆಸರಿನ ಫ್ಲ್ಯಾಟಿನಲ್ಲಿ ಹದಿನಾಲ್ಕು ವರ್ಷದಿಂದ ಕಾಲು ಚಾಚಿಕೊಂಡು ಮಲಗಿರುವ ಮನುಷ್ಯ! ಇವನ ಕೈಗೆ ಖೋಲಿ ಹೋದರೆ ಶಂಕ್ರೆಪ್ಪನ ಸಂಸಾರಕ್ಕೆ ಮುಂಬಯಿಯಲ್ಲಿ ತಲೆ ಇಡಲು ಬೇರೆ ಜಾಗವಿಲ್ಲ.

"ಓದ," ಎಂದ ಶಂಕ್ರೆಪ್ಪ ಮಗಳಿಗೆ, ಗಂಗಾಳದ ಮುಂದೆ ಕೂತು.

ಸ್ನೇಹಲ್‌ಗೆ ಇಪ್ಪತ್ಮೂರು. ಬಾಂದ್ರಾದ ಆಫೀಸೊಂದರಲ್ಲಿ ಕೆಲಸ. ಕನ್ನಡ ಪೂರಾ ಅರ್ಥವಾಗುತ್ತದೆ, ಆಡಲು ಹೋದರೆ ಅರ್ಧಕ್ಕೆ ಹಿಂದಿ ಬರುತ್ತದೆ.

"ಪಪ್ಪಾ, ಪೆಹಲೇ ಊಟ ಆಗ್ಲಿ ನಾ."

"ಹತ್ತ ದಿನದಾಗ ಕೋರ್ಟಿಗೆ ಉತ್ತರ ಕೊಡಬೇಕಂತ. ಸತ್ಯಾ ಅಂತ ಪ್ರಮಾಣ ಮಾಡಿ, ಸಹಿ ಹಾಕಿ. ಓದ."

ಸ್ನೇಹಲ್ ಓದಿ ಓದಿ ಹೇಳುತ್ತ ಹೋದಳು. ಈ ಖೋಲಿಯಲ್ಲಿ ಯಾವಾಗಿನಿಂದ ಇದ್ದೀರಿ? ನಿಮ್ಮ ರೇಷನ್ ಕಾರ್ಡು ಯಾವ ಊರಿನದು? ಹಿಂದಿನ ಮೂರು ಚುನಾವಣೆಯಲ್ಲಿ ಎಲ್ಲಿ ವೋಟು ಹಾಕಿದಿರಿ? ಮೃತರು ಯಾವ ಮಂಚದ ಮೇಲೆ ಮಲಗುತ್ತಿದ್ದರು, ನೀವು ಎಲ್ಲಿ ಮಲಗುತ್ತಿದ್ದಿರಿ? ಹತ್ತೊಂಬತ್ತಕ್ಕೆ ಬಂದಾಗ ಅವಳು ಬಾಯಿ ಮುಚ್ಚಿದಳು.

"ಯಾಕ, ನಿಂತಿ?"

"ಮಮ್ಮಿ ರೊಟ್ಟಿ ಬಡೀಲಿಕತ್ತಾಳ. ಇದು ಆಮೇಲೆ."

"ಓದಂದ್ರ ಓದಬೇಕ."

"ಅಜ್ಜೀದು ಲ್ಯಾಟ್ರಿನ್, ಯೂರಿನ್ ಯಾರು ಸಾಫ್ ಮಾಡ್ತಿದ್ರು. ದಿನಾ ಎಷ್ಟ್ ಸಲ. ಎಲ್ಲಿ ಒಗೀತಿದ್ರು. ಅದಕ್ಕ ಪೈಸಾ ತೊಗೊಂಡ್ರೇನು."

ಶಿವಕುಮಾರಿಯ ಕೈ ಹಿಟ್ಟಿನ ಮೇಲೆ ನಿಂತಿತು. "ಯಾರ ಕೇಳ್ಯಾರ ಇದನ್ನ?"

"ಕಾಕಾ."

"ಹೇಸಿ! ಹಡದ ತಾಯಿ ಹೇಲು ಯಾರ ಬಳದ್ರು ಅಂತ ಟೈಪ್ ಮಾಡಿಸಿ ಕೇಳತಾನಂತ? ತಾ ಬಳಿಲಿಲ್ಲಾ ಅನ್ನೂದು ತನಗ ಗೊತ್ತಿಲ್ಲೇನು?"

"ಏ, ಉಣ್ಣೂ ಮುಂದ ಬ್ಯಾಡ," ಎಂದು ಶಂಕ್ರೆಪ್ಪ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. "ಹೂಂ, ಇಪ್ಪತ್ತ ಓದ."

ರುದ್ರವ್ವ ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದಳು. ಆ ನಾಲ್ಕು ವರ್ಷ ದಿನಕ್ಕೆ ಮೂರು ಸಲ, ಹೊಟ್ಟೆ ಕೆಟ್ಟ ದಿನ ಆರು ಸಲ, ಶಿವಕುಮಾರಿ ಪಾತ್ರೆಯ ಮೇಲೆ ಹಳೆಯ ಪೇಪರು ಮುಚ್ಚಿಕೊಂಡು ಹನ್ನೊಂದು ಬಾಗಿಲು ದಾಟಿ ಗ್ಯಾಲರಿಯ ತುದಿಗೆ ಹೋಗಿದ್ದಾಳೆ. ಅವಳು ಹೊರಬಿದ್ದರೆ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಜನರನ್ನು ಅನ್ನುವಂತಿಲ್ಲ, ಅದು ಅವರೂ ಉಣ್ಣುವ ಹೊತ್ತು. ಶಂಕ್ರೆಪ್ಪ ಕಾಪಡ ಮಾರ್ಕೆಟಿನ ಬಟ್ಟೆಯಂಗಡಿಯಲ್ಲಿ ಸೇಲ್ಸ್‌ಮನ್, ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ರಾತ್ರಿ ಒಂಬತ್ತಕ್ಕೆ ಬರುತ್ತಿದ್ದ. ರವಿವಾರ ಮನೆಯಲ್ಲಿರುತ್ತಿದ್ದ, ಆದರೆ ತಾಯಿ ನರಳಿದ ಕೂಡಲೇ ಚಪ್ಪಲಿ ಮೆಟ್ಟಿ ಚಹಾದ ಅಂಗಡಿಗೆ ಇಳಿಯುತ್ತಿದ್ದ. ಎಲ್ಲ ಸಾಫಾದ ಮೇಲೆ, ಊದುಬತ್ತಿ ಹಚ್ಚಿದ ಮೇಲೆ ಮೇಲಕ್ಕೆ ಬರುತ್ತಿದ್ದ.

ಪ್ರಶ್ನೆಗಳ ಜೊತೆ ಇನ್ನೊಂದು ಕಾಗದವೂ ಇತ್ತು. ನಿಮ್ಮ ಬಳಿ ಇರುವ ಇಂತಿಂಥ ದಾಖಲೆ ತೋರಿಸಿ ಎಂದು ಪಟ್ಟಿ. ಮರುದಿನ ಸ್ನೇಹಲ್ ಮಂಚದ ಕೆಳಗಿನ ಟ್ರಂಕು ಎಳೆದು ಕೂತಳು.

"ಪಪ್ಪಾ, ರೇಷನ್ ಕಾರ್ಡ್ ಕಹಾಂ ಹೈ?"

"ಊರಾಗೈತಿ."

"ವೋಟರ್ ಕಾರ್ಡ್?"

"ಇಲ್ಲೇ ಐತಿ ನೋಡ. ಆದ್ರ ಊರ ವಿಳಾಸ."

"ಆಧಾರ್?"

ಶಂಕ್ರೆಪ್ಪ ಕಿವಿ ತುರಿಸಿಕೊಂಡ. ಆಧಾರಿನಲ್ಲೂ ಸಿಂದಗಿ ತಾಲೂಕೇ ಇತ್ತು.

ನಮ್ಮ ಕಡೆಯ ಜನರ ಹಣೆಬರಹವೇ ಇದು. ಮೂವತ್ತು ವರ್ಷ ಮುಂಬಯಿಯ ನೀರು ಕುಡಿದರೂ ಹೆಸರು ಮಾತ್ರ ಊರಲ್ಲೇ ಇರಬೇಕು. ಊರಿನ ಕಾರ್ಡಿನಿಂದ ಹೆಸರು ತೆಗೆಸಿದರೆ ನಾಳೆ ಹೊಲದ ಮಾತು ಬಂದಾಗ ದೊಡ್ಡಪ್ಪನ ಮಕ್ಕಳು ನೀವ್ಯಾರು ಅಂತಾರೆ ಎಂಬ ಭಯ. ಶಂಕ್ರೆಪ್ಪನ ಪಾಲಿಗೆ ಅಲ್ಲಿರುವುದು ಕರಲು ಬಿದ್ದ ಒಂದೂವರೆ ಎಕರೆ. ಅದಕ್ಕಾಗಿ ಮದುವೆಯಾದ ವರ್ಷ ಹೆಂಡತಿಯ ಹೆಸರನ್ನೂ ಅಲ್ಲೇ ಸೇರಿಸಿದ. ಚುನಾವಣೆ ಬಂದಾಗ ಪಾರ್ಟಿಯವರು ದಾದರಿನಿಂದ ಬಸ್ಸು ಬಿಡುತ್ತಾರೆ, ದಾರಿಯಲ್ಲಿ ಪೂರಿ ಭಾಜಿ ಕೊಡುತ್ತಾರೆ. ಚಾಳಿನ ಕನ್ನಡದವರೆಲ್ಲ ಹಬ್ಬಕ್ಕೆ ಹೊರಟಂತೆ ಹೊರಟು ವೋಟು ಹಾಕಿ ಬರುತ್ತಿದ್ದರು. ಶ್ರೀಮಂತ ಮಾತ್ರ ಜಾಣ. ಬೊರಿವಲಿಗೆ ಹೋದ ಮೇಲೂ ತಾಯಿಯ ಮುಂಬಯಿ ಕಾರ್ಡಿನಲ್ಲಿದ್ದ ತನ್ನ ಹೆಸರನ್ನು ಮುಟ್ಟಲಿಲ್ಲ. ಹೀಗಾಗಿ ಕಾಗದದ ಪ್ರಕಾರ ರುದ್ರವ್ವನ ಜೊತೆ ಇದ್ದ ಮಗ ಶ್ರೀಮಂತ, ಶಂಕ್ರೆಪ್ಪ ಊರಿನವನು.

"ನನ್ನ ಸ್ಕೂಲ್ ಸರ್ಟಿಫಿಕೇಟ್ ಐತಿ ನಾ? ಇಲ್ಲೇ ಕಲ್ತೀನಿ ನಾನು."

"ಅದನ್ನ ವಕೀಲರಿಗೆ ತೋರಿಸೀನಿ. ಈ ಖೋಲಿ ಕಾಕಾಂದು, ಸಾಲಿ ಕಲಿಯಾಕಷ್ಟ ಇಲ್ಲಿ ಇದ್ಲು ಅಂತಾರಂತ."

"ಕ್ಯಾ? ಕಾಕಾ ನನಗ ಒಂದು ಪೆನ್ಸಿಲ್ ಭೀ ಕೊಡಿಸಿಲ್ಲ!"

"ಮೂವತ್ತ ವರ್ಷದಾಗ ಒಂದ ಕಾರ್ಡ ಬದಲ ಮಾಡಸ್ರಿ ಅಂತ ಎಷ್ಟ ಸಲ ಹೇಳೇನಿ," ಎಂದಳು ಶಿವಕುಮಾರಿ ಮೋರಿಯಲ್ಲಿ ಪಾತ್ರೆ ತಿಕ್ಕುತ್ತ. "ಊರ ಬಿಟ್ಟ ಹ್ಯಾಂಗ, ಊರ ಬಿಟ್ಟ ಹ್ಯಾಂಗ ಅಂತ ಅತ್ತರಿ. ಈಗ ಆ ಒಂದೂವರಿ ಎಕರೇದಾಗ ಹೋಗಿ ಮಲಗ್ರಿ."

ಶಂಕ್ರೆಪ್ಪನ ವಕೀಲ ಭೀಮರಾಯನ ಆಫೀಸು ಚರ್ನಿ ರೋಡಿನ ಹಳೆಯ ಬಿಲ್ಡಿಂಗಿನ ಅಟ್ಟದಲ್ಲಿತ್ತು. ಬಾಗಲಕೋಟೆ ಕಡೆಯವನು, ಬಾಯಿ ತುಂಬ ಮಾತು. ದಾಖಲೆಗಳನ್ನೆಲ್ಲ ಒಂದು ಸಲ ಮಗುಚಿ ಹಾಕಿ, "ಕಾಗದ ಎಲ್ಲಾ ಅವನ ಕಡೆ ಅದಾವ," ಎಂದ. "ನಮಗ ಉಳಿದದ್ದು ಈ ಉತ್ತರ ಅಷ್ಟ. ಮುದುಕೀನ ನೋಡಿಕೊಂಡವರು ನಾವು ಅನ್ನೂದು ಗಟ್ಟಿ ಬರೀಬೇಕು. ಮತ್ತ ನಾವೂ ಅವಗ ಪ್ರಶ್ನಾ ಕಳಸೋಣು. ಬೆವರ ಬರೂಹಂಗ."

"ಚಾಳಿನವರನ್ನ ಕೇಳ್ರಿ, ಅವರು ಹೇಳತಾರ," ಎಂದಳು ಶಿವಕುಮಾರಿ. "ಬಾಜೂಕಿನ ದಾನವ್ವ ದಿನಾ ನೋಡ್ಯಾಳ."

"ಸಾಕ್ಷಿ ಮಾತ ಆಮ್ಯಾಲೆ ಅಕ್ಕಾರ. ಅದಕ್ಕ ಇನ್ನ ಎರಡ ವರ್ಷ. ಅಷ್ಟರಾಗ ಚಾಳ ನೆಲಾ ಕಂಡಿರತೈತಿ, ದಾನವ್ವ ಎಲ್ಲಿರತಾಳೋ ಏನೋ. ಈಗ ಕಾಗದ ಮಾತಾಡಬೇಕು."

ಇಬ್ಬರು ಗಂಡಸರೂ ಪ್ರಶ್ನೆ ಕಟ್ಟಲು ಕೂತರು. ನೋಡಬೇಕಿತ್ತು ಅವರ ಹುರುಪು. ಶಂಕ್ರೆಪ್ಪ ಕುರ್ಚಿಯ ತುದಿಗೆ ಬಂದಿದ್ದ. ಅವ್ವಗ ಮಲಗಿ ಮಲಗಿ ಆಗಿದ್ದ ಹುಣ್ಣು ಎಷ್ಟು ದೊಡ್ಡದಿತ್ತು ಕೇಳ್ರಿ, ಯಾವ ಕಡೆ ಇತ್ತು ಕೇಳ್ರಿ, ಹುಳ ಬಿದ್ದಿದ್ದವೋ ಇಲ್ಲೋ ಕೇಳ್ರಿ, ಎಂದು ಒಂದರ ಮೇಲೊಂದು ಹೇಳಿಕೊಡುತ್ತಿದ್ದ. ಭೀಮರಾಯ ಬರೆದುಕೊಳ್ಳುತ್ತ ನಗುತ್ತಿದ್ದ.

"ಅತ್ತಿ ಮೈ ಬಗ್ಗೆ ಹಿಂಗ ಬರೀಬ್ಯಾಡ್ರಿ," ಎಂದಳು ಶಿವಕುಮಾರಿ. "ಸಾಯೂ ತನಕಾ ಡಾಕ್ಟರ್ ಮುಂದೂ ಸೆರಗ ಸರಸಾಕ ಕೊಟ್ಟಾಕಿ ಅಲ್ಲ ಆಕಿ."

"ಅಕ್ಕಾರ, ಕೋರ್ಟಿನಾಗ ಮೈ ಇಲ್ಲ. ಪಾಯಿಂಟ್ ಅಷ್ಟ ಐತಿ."

ಆಕೆ ಎದ್ದು ಹೊರಗೆ ಮೆಟ್ಟಿಲಿನ ಮೇಲೆ ಹೋಗಿ ಕೂತಳು. ಒಳಗಿನಿಂದ ನಗು ಕೇಳಿಸುತ್ತಲೇ ಇತ್ತು.

ನಾಲ್ಕು ದಿನಕ್ಕೆ ಭೀಮರಾಯ ಉತ್ತರಗಳ ಕರಡನ್ನು ಸ್ನೇಹಲ್ ಮೊಬೈಲಿಗೆ ಕಳಿಸಿದ. ಊರಿನ ಕಾರ್ಡಿಗೆ, ವೋಟಿಗೆ ಏನೇನೋ ಸಬೂಬು ಹೇಳಿದ್ದ. ಅಂದು ಝುಣಕ ಮಾಡಿದ್ದಳು ಶಿವಕುಮಾರಿ. ಸ್ನೇಹಲ್ ಎಡಗೈಯಲ್ಲಿ ಮೊಬೈಲು ಹಿಡಿದು ಉಣ್ಣುತ್ತ ಓದುತ್ತಿದ್ದವಳು ತಲೆಯೆತ್ತಿ ಅಪ್ಪನನ್ನು ನೋಡಿದಳು.

"ಪಪ್ಪಾ, ಇದು ಕ್ಯಾ ಬರ್ದಾರ? ನೈಂಟೀನ್."

"ಏನ ಬರದಾರ?" ಎಂದಳು ಶಿವಕುಮಾರಿ.

"ಅದೇನಿಲ್ಲ ತಗೋ," ಎಂದ ಶಂಕ್ರೆಪ್ಪ.

"ಏನ ಬರದಾರ ಹೇಳ ಸ್ನೇಹಲ್."

"ನಾನು, ಅಂದ್ರೆ ಪಪ್ಪಾ, ನನ್ನ ಸ್ವಂತ ಕೈಯಿಂದ ದಿನಾ ಮೂರು ಸಲ ತಾಯೀದು ಸಾಫ್ ಮಾಡ್ತಿದ್ದೆ. ಮಮ್ಮಿ ಕಭೀ ಕಭೀ ಹೆಲ್ಪ್ ಮಾಡ್ತಿದ್ಲು."

 ಶಿವಕುಮಾರಿ ಒಲೆ ಆರಿಸಿ ಗಂಡನ ಎದುರು ಬಂದು ಕೂತಳು.

"ಯಾವತ್ತ ಬಳದ್ರಿ? ಒಂದ ದಿನಾ ಹೇಳ್ರಿ ಸಾಕು."

"ಹಂಗ ಬರೀಬೇಕಾಗತೈತಿ. ಖೋಲಿ ಕೇಳಾಂವ ಮಗಾ ನಾನು. ಗಂಡಾ ಹೆಣ್ತಿ ಬ್ಯಾರೆ ಬ್ಯಾರೆ ಏನು?"

"ಬ್ಯಾರೆ ಅಲ್ಲ? ನಾಲ್ಕ ವರ್ಷ ನನ್ನ ಕೈ ಅಡಗಿ ಉಣ್ಣಾಕ ನಿಮಗ ಹೇಸಿಗಿ ಬರ್ತಿತ್ತು. ಸ್ಟೇಶನ್‌ದಿಂದ ಪಾವ್ ತಂದು ಅಲ್ಲೇ ಗ್ಯಾಲರ್ಯಾಗ ನಿಂತ ತಿಂತಿದ್ರಿ. ಎಷ್ಟ ಸಾಬಾಣ ಹಚ್ಚಿ ತಿಕ್ಕೊಂಡ್ರೂ ನಿನ್ನ ಕೈ ನಾರತೈತಿ ಅಂತಿದ್ರಿ. ಆ ಕೈ ಈಗ ನಿಮ್ಮದಾತೇನು?"

"ಸಣ್ಣ ಮಾತ ದೊಡ್ಡದ ಮಾಡಬ್ಯಾಡ."

"ಪಪ್ಪಾ, ಇದು ಓಥ್ ಐತಿ. ಝೂಠ್ ಹೇಳಿದ್ರ..."

"ನೀ ಸುಮ್ಮನ ಕುಂಡರ! ಯಾರ ಸಲುವಾಗಿ ಮಾಡಾಕತ್ತೀನಿ? ನಾಳೆ ಲಿಫ್ಟಿನಾಗ ಮ್ಯಾಲ ಹೋಗಾಕಿ ನೀನ. ಬಾಂದ್ರಾದಾಗ ನಿನ್ನ ಫ್ರೆಂಡ್ಸಿಗೆ ಮನಿ ತೋರಿಸಾಕ ನಾಚಿಕಿ ಆಗತೈತಿ ಅಂತಿದ್ದಿಲ್ಲ?"

 ಸ್ನೇಹಲ್ ಹಾಗೆ ಅಂದದ್ದು ನಿಜವೇ ಆಗಿತ್ತು. ಮರುದಿನ ಶಂಕ್ರೆಪ್ಪ ಅಂಗಡಿಗೆ ಅರ್ಧ ದಿನ ರಜೆ ಹಾಕಿ, ದೇವರಿಗೆ ಊದುಬತ್ತಿ ಬೆಳಗಿ, ಆ ಸುಳ್ಳಿಗೆ ಸಹಿ ಹಾಕಿ ಬಂದ. ಬರುವಾಗ ಕಾಲು ಕಿಲೋ ಜಿಲೇಬಿ ಬೇರೆ ತಂದಿದ್ದ. ಶಿವಕುಮಾರಿ ಅದನ್ನು ಮುಟ್ಟಲಿಲ್ಲ. ಎರಡನೆಯ ದಿನ ಅದಕ್ಕೆ ಇರುವೆ ಮುತ್ತಿದವು, ಕಾಗದದ ಸಮೇತ ಎತ್ತಿ ಬಿಸಾಡಿದಳು.

ಮೂರು ವಾರಕ್ಕೆ ಶ್ರೀಮಂತನ ಉತ್ತರಗಳು ಬಂದವು. ಅಂಗಡಿಗೆ ಹೋಗುವ ಗಡಿಬಿಡಿಯಲ್ಲಿದ್ದ ಶಂಕ್ರೆಪ್ಪ, ಸ್ನೇಹಲ್ ಓದಿದ್ದನ್ನು ನಿಂತೇ ಕೇಳಿಸಿಕೊಂಡ. ಬೆವರುವುದಿರಲಿ, ಶ್ರೀಮಂತ ಪಟಪಟನೆ ಹೇಳಿಬಿಟ್ಟಿದ್ದ. ಹುಣ್ಣು ಎಡ ಸೊಂಟದ ಕೆಳಗೆ, ನಾಲ್ಕು ಬೆರಳು ಅಗಲ. ಮೊದಲು ಅರಿಶಿನ ತುಪ್ಪ, ಡಾಕ್ಟರು ಬೈದ ಮೇಲೆ ಟ್ಯೂಬಿನ ಮುಲಾಮು. ಮಧ್ಯಾಹ್ನ ಮೂರಕ್ಕೆ ತಾಯಿ ನುಚ್ಚು ಮಜ್ಜಿಗೆ ಕೇಳುತ್ತಿದ್ದಳು. ಸ್ನಾನ ಮಾಡಿಸುವಾಗ ತನ್ನ ಸತ್ತ ತಂಗಿಯ ಹೆಸರು ಹಿಡಿದು ಕರೆಯುತ್ತಿದ್ದಳು. ಎಲ್ಲ ಮಾಡಿದವನು ನಾನೇ, ಗುರುತಿಗೆ ನಾನು ತೆಗೆದ ಒಂಬತ್ತು ಫೋಟೋ ಲಗತ್ತಿಸಿದ್ದೇನೆ, ಎಂದು ಮುಗಿಸಿದ್ದ.

 ಕೇಳುತ್ತಿದ್ದ ಶಿವಕುಮಾರಿ ಮೋರಿಯ ಹತ್ತಿರ ಹೋಗಿ ಕೂತು ಬಾಯಿಗೆ ನೀರು ಹಾಕಿಕೊಂಡಳು.

"ಇವೆಲ್ಲಾ ಅವಗ ಹ್ಯಾಂಗ ಗೊತ್ತ?" ಎಂದ ಶಂಕ್ರೆಪ್ಪ.

"ನಾನ ಹೇಳೇನಿ. ದಿನಾ ಮಧ್ಯಾಹ್ನ ಶೈಲಾಗ ಫೋನ್ ಹಚ್ಚಿ ಹೇಳತಿದ್ದೆ. ಸಣ್ಣ ಸೊಸಿ, ಆಕೀಗೂ ಅತ್ತಿ ಅಲ್ಲೇನು? ಇವತ್ತ ಹಿಂಗಾತು, ಇವತ್ತ ಹಂಗಾತು ಅಂತ. ಆಕೀ ಬಿಲ್ಡಿಂಗಿನಾಗ ಡಾಕ್ಟರ್ ಅದಾನ ಅಂತ ಫೋಟೋನೂ ಕಳಸೀನಿ. ನನ್ನ ಬಾಯಿ ಮಾತ ಎತ್ತಿ ಎತ್ತಿ ಬರದಾರ."

"ಅಯ್ಯ, ಹಂಗಾರ ನಿನ್ನ ಮೊಬೈಲಿನಾಗ ಫೋಟೋ ಇರಬೇಕಲ್ಲ! ಸ್ನೇಹಲ್, ತಗಿ, ತಗಿ."

ಸ್ನೇಹಲ್ ಉಗುರು ಕಚ್ಚುತ್ತ ನಿಂತಿದ್ದಳು. "ಆ ಮೊಬೈಲ್ ನಾನು ಫಾರ್ಮ್ಯಾಟ್ ಮಾಡ್ದೆ. ಅಜ್ಜಿ ಹೋದಮೇಲೆ. ಹ್ಯಾಂಗ್ ಆಗ್ತಿತ್ತು. ಔರ್... ಗ್ಯಾಲರಿ ಓಪನ್ ಮಾಡಿದ್ರ ಬರೀ ಗಾಯ, ಗಾಯ. ನನಗ ಘಿನ್ ಆತು ಮಮ್ಮಿ. ಎಲ್ಲಾ ಡಿಲೀಟ್ ಮಾಡ್ದೆ."

"ಶಾಬಾಸ್," ಎಂದ ಶಂಕ್ರೆಪ್ಪ. "ಅಪ್ಪನ ಮನಿ ಡಿಲೀಟ್ ಮಾಡೀದಿ."

"ಆಕೀಗೇನ ಅಂತೀರಿ? ಹುಡುಗಿ ಫೋಟೋ ನೋಡಾಕ ಹೇಸ್ಯಾಳ. ನೀವು ತಾಯೀನ ನೋಡಾಕ ಹೇಸೀದ್ರಿ."

ಅವನು ಹೋದ ಮೇಲೆ ಶಿವಕುಮಾರಿ ಶೈಲಾಗೆ ಫೋನು ಹಚ್ಚಿದಳು. ಎರಡು ಸಲ ಕಟ್ ಆಯಿತು, ಮೂರನೆಯ ಸಲ ಎತ್ತಿದಳು.

"ಶೈಲಾ, ನಾ ನಿನ್ನ ಮುಂದ ಅತ್ತದ್ದನ್ನ ಗಂಡನ ಕೈಲೆ ಬರಸೀದಿ ಅಲ್ಲ? ನಿನಗ ಅನ್ನಾ ಹ್ಯಾಂಗ ಇಳೀತೈತಿ?"

"ಅಕ್ಕಾ, ವಕೀಲರು ಬರದಾರ, ನನಗೇನ ಗೊತ್ತಿಲ್ಲ."

"ನಿನಗ ಗೊತ್ತಿಲ್ಲಾಂದ್ರ ಅವರಿಗೆ ನುಚ್ಚು ಮಜ್ಜಿಗಿ ಯಾರ ಹೇಳಿದ್ರು?"

ಶೈಲಾಳ ದನಿ ಏರಿತು. "ನಮ್ಮನ್ನಷ್ಟ ಯಾಕ ಅಂತೀರಿ ಅಕ್ಕಾ? ಭಾವಾರೂ ಹಂಗ ಬರದಾರಲ್ಲ, ತಾನ ಬಳದೇನಿ ಅಂತ. ಓದಿ ನಾವಿಬ್ಬರೂ ನಕ್ಕೇವಿ. ಭಾವಾರು ಚಹಾದಂಗಡಿಗೆ ಓಡತಿದ್ದರು ಅಂತ ನೀವ ಹೇಳಿಲ್ಲೇನು?"

 ಎರಡು ಮನೆಯ ಗಂಡಸರೂ ಒಂದೇ ಸುಳ್ಳಿಗೆ ಕೈ ಹಾಕಿದ್ದರು. ದುಡಿದವಳ ಹೆಸರು ಆ ಕಾಗದದಲ್ಲಿ ಇರಲೇ ಇಲ್ಲ, ಈ ಕಾಗದದಲ್ಲಿ ಆಗೀಗ ಕೈ ಜೋಡಿಸಿದವಳು ಎಂದಷ್ಟೇ ಇತ್ತು. ಥೂ, ಎಂದು ಶಿವಕುಮಾರಿ ಫೋನು ಇಟ್ಟಳು.

ಎದುರಿನವರು ಲಗತ್ತಿಸಿದ ದಾಖಲೆಗಳನ್ನು ಕಣ್ಣಾರೆ ನೋಡುವ ಹಕ್ಕು ಇವರಿಗಿದೆಯಂತೆ. ಭೀಮರಾಯ ನೋಟೀಸು ಕೊಟ್ಟು ದಿನ ಗೊತ್ತುಮಾಡಿದ. ಶ್ರೀಮಂತನ ವಕೀಲೆ ಫೋರ್ಟ್ ಕಡೆ ಒಂದು ಎಸಿ ಆಫೀಸಿನಲ್ಲಿ ಕೂರುವ ಮರಾಠಿ ಹೆಣ್ಣುಮಗಳು. ಗಾಜಿನ ಮೇಜಿನ ಆ ಕಡೆ ಶ್ರೀಮಂತ, ಶೈಲಾ. ಈ ಕಡೆ ಭೀಮರಾಯ, ಶಂಕ್ರೆಪ್ಪ, ಶಿವಕುಮಾರಿ, ಸ್ನೇಹಲ್. ತಾಯಿ ಸತ್ತ ಮೇಲೆ ಅಣ್ಣತಮ್ಮ ಒಂದೇ ಮೇಜಿಗೆ ಕೂತದ್ದು ಇದೇ ಮೊದಲು. ಶ್ರೀಮಂತ ಕೈ ಮುಗಿದು, "ಆರಾಮ ವೈನಿ?" ಎಂದ. ಶಿವಕುಮಾರಿ ಅವನ ಮುಖ ನೋಡಲಿಲ್ಲ. ಅವನು ಶಾಲೆಗೆ ಹೋಗುವಾಗ ಅವನ ಅಂಗಿಗೆ ಗುಂಡಿ ಹಚ್ಚಿದ್ದವಳು ಆಕೆ.

ವಕೀಲೆ ಕವರು ಬಿಚ್ಚಿ ಒಂಬತ್ತು ಫೋಟೋಗಳನ್ನು ಮೇಜಿನ ಮೇಲೆ ಹರಡಿದಳು. ದೊಡ್ಡದು ಮಾಡಿ ಪ್ರಿಂಟು ಹಾಕಿಸಿದ್ದರು. ಬಣ್ಣ ಬಣ್ಣದ ಹಸಿ ಮಾಂಸ. ಚಹಾ ತಂದಿಟ್ಟ ಪ್ಯೂನು ಇಣುಕಿ ನೋಡಿ ಮುಖ ಕಿವುಚಿಕೊಂಡು ಹೋದ. ಭೀಮರಾಯ ಬಿಸ್ಕೀಟು ಅದ್ದಿಕೊಂಡು ಒಂದೊಂದೇ ಫೋಟೋ ಎತ್ತಿ ಬೆಳಕಿಗೆ ಹಿಡಿದ. ಸತ್ತ ಮುದುಕಿಯೊಬ್ಬಳ ಬತ್ತಲೆ ಮೈ ಹೀಗೆ ಕೈಯಿಂದ ಕೈಗೆ ಹೋಗುವುದನ್ನು ನೋಡಿ ಶಿವಕುಮಾರಿಗೆ ಮೈಯೆಲ್ಲ ಉರಿಯಿತು.

ಆಕೆ ಒಂದನ್ನು ಎಳೆದುಕೊಂಡಳು. ಬರೀ ಚರ್ಮ, ನಡುವೆ ಗಾಯ, ಒಂದು ಅಂಚಿನಲ್ಲಿ ಮುದ್ದೆಯಾದ ಬಟ್ಟೆ. ಮುಖವಿಲ್ಲ, ಮಂಚವಿಲ್ಲ. ಅದನ್ನು ಶ್ರೀಮಂತನ ಮುಂದೆ ತಳ್ಳಿದಳು.

"ಶ್ರೀಮಂತಾ, ಇದನ್ನ ನೀನ ತಗದೀದಿ ಅಂತ ಬರದೀದಿ. ನಿಮ್ಮವ್ವನ ತಲಿ ಯಾವ ಕಡೆ ಐತಿ ಹೇಳ."

"ವೈನಿ, ಇದೇನ..."

"ದಿನಾ ತೊಳದೀದಿ ಅಲ್ಲ? ತಲಿ ಯಾವ ಕಡೆ, ಕಾಲ ಯಾವ ಕಡೆ?"

ವಕೀಲೆ ಅಡ್ಡ ಬಂದು, ಹೀಗೆ ಬಾಯಿಮಾತಿನಲ್ಲಿ ಕೇಳುವಂತಿಲ್ಲ ಎಂದು ಮರಾಠಿಯಲ್ಲಿ ಹೇಳಿದಳು. ಆದರೆ ಅವಳ ಕಣ್ಣೂ ತನ್ನ ಕಕ್ಷಿದಾರನ ಮೇಲಿತ್ತು. ಶ್ರೀಮಂತ ಹೆಂಡತಿಯನ್ನು ನೋಡಿದ. ಶೈಲಾ ಪರ್ಸಿನಲ್ಲಿ ಏನೋ ಹುಡುಕತೊಡಗಿದಳು. ಅವನು ಕಡೆಗೆ ಬಟ್ಟೆ ಇದ್ದ ಅಂಚಿನ ಮೇಲೆ ಬೆರಳಿಟ್ಟು, "ಈ ಕಡೆ ತಲಿ," ಎಂದ.

ಶಂಕ್ರೆಪ್ಪ ಗೆದ್ದವನಂತೆ ನಕ್ಕ. "ನೋಡ್ರಿ, ನೋಡ್ರಿ, ಗೊತ್ತಿಲ್ಲ!"

"ನಿಮಗ ಗೊತ್ತೈತಲ್ಲ? ನೀವ ಹೇಳ್ರಿ," ಎಂದು ಶಿವಕುಮಾರಿ ಫೋಟೋವನ್ನು ಗಂಡನ ಕಡೆ ಸರಿಸಿದಳು.

ನಗು ನಿಂತಿತು. ಶಂಕ್ರೆಪ್ಪ ಕನ್ನಡಕ ಹಾಕಿಕೊಂಡ, ತೆಗೆದ. ಫೋಟೋವನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿದ. ತಮ್ಮ ತೋರಿಸಿದ್ದು ತಪ್ಪು ಎಂದಷ್ಟೇ ಹೆಂಡತಿಯ ಮುಖ ನೋಡಿ ತಿಳಿದುಕೊಂಡು, ಎದುರಿನ ಅಂಚನ್ನು ತೋರಿಸಿ, "ಇದು," ಎಂದ.

ಶಿವಕುಮಾರಿ ಫೋಟೋವನ್ನು ತೆಗೆದುಕೊಂಡು ಅಡ್ಡ ತಿರುಗಿಸಿ ಮೇಜಿನ ನಡುವೆ ಇಟ್ಟಳು.

"ತಲಿ ಇಲ್ಲಿ. ಕಾಲ ಇಲ್ಲಿ. ಬಲಕ್ಕ ಹೊರಳಿಸಿ, ಬೆನ್ನ ಹಿಂದ ಕುಂತು ತಗದೇನಿ. ಈ ಬಟ್ಟಿ ಸೀರಿ ಅಲ್ಲ, ಕೆಳಗ ಹಾಸಿದ್ದ, ಸೀರಿ ಒಳಗ ಉಡೂ ನನ್ನ ಹಳೇ ಪರಕರ. ಇದರ ಅಂಚಿಗೆ ಕಾಣಸತೈತಲ್ಲ, ಇದು ನನ್ನ ಹೆಬ್ಬಟ್ಟು." ಆಕೆ ತನ್ನ ಬಲ ಹೆಬ್ಬೆರಳನ್ನು ಪಕ್ಕದಲ್ಲಿಟ್ಟಳು. ಉಗುರಿನ ಬುಡದಲ್ಲಿ ಈಳಿಗೆ ಕೊಯ್ದ ಹಳೆಯ ಗೀರು ಎರಡರಲ್ಲೂ ಇತ್ತು.

 ಮೊದಲು ಚೇತರಿಸಿಕೊಂಡವನು ಭೀಮರಾಯ. "ಬೆಸ್ಟ್! ಇದನ್ನ ಕೋರ್ಟಿಗೆ ಹಾಕೋಣು. ಈ ಒಂಬತ್ತೂ ನಮ್ಮ ಕಡೇನ ಅದಾವ ಈಗ."

"ಹಾಕೂದಿಲ್ಲ," ಎಂದಳು ಶಿವಕುಮಾರಿ. ಫೋಟೋಗಳನ್ನೆಲ್ಲ ಒಟ್ಟು ಮಾಡಿ ಬೋರಲು ಹಾಕಿ ವಕೀಲೆಯ ಕಡೆ ತಿರುಗಿದಳು. "ಬಾಯಿ, ಇವು ವಾಪಸ್ ತೊಗೋತೀರೇನು ನೀವು?"

ಸ್ನೇಹಲ್ ಅದನ್ನು ಮರಾಠಿಯಲ್ಲಿ ಹೇಳಿದಳು. ವಕೀಲೆ ಶ್ರೀಮಂತನ ಕಡೆ ಒಂದು ಸಲ ನೋಡಿ, ಹೌದು, ಈ ಫೋಟೋಗಳನ್ನು ನಾವು ಹಿಂದಕ್ಕೆ ಪಡೆಯುತ್ತೇವೆ ಎಂದು ಕವರಿಗೆ ತುಂಬಿಕೊಂಡಳು. ಅವಳ ಮುಖದಲ್ಲೂ ಹೇಸಿಗೆ ಕಾಣುತ್ತಿತ್ತು. ಶ್ರೀಮಂತ ಮಾತ್ರ ಆರಿದ ಚಹಾವನ್ನು ಬಿಡದೆ ಕುಡಿದ.

ಹೊರಗೆ ಲಿಫ್ಟಿನ ಮುಂದೆ ಭೀಮರಾಯ ಸಿಡಿಮಿಡಿಗೊಂಡ. "ಕೈಯಾಗಿನ ಗೆಲುವ ಚೆಲ್ಲಿದಿರಲ್ಲ ಅಕ್ಕಾರ. ಈಗ ನಿಮ್ಮ ಗಂಡನ ಪ್ರಮಾಣಾನೂ ಹಳ್ಳಾ ಹಿಡೀತು. ಆ ವಕೀಲ ಬಾಯಿ ಎಲ್ಲಾ ನೋಡ್ಯಾಳ."

"ಒಂದ ಮಾತ ಹೇಳ್ರಿ. ಖೋಲಿ ಮನಿಯವರಿಗೆ ಅಂತೀರಲ್ಲ, ಸೊಸಿ ಮನಿಯಾಕಿ ಅಲ್ಲೇನು?"

ಭೀಮರಾಯ ಗದ್ದ ಕೆರೆದುಕೊಂಡ. "ಆಗತಾಳ. ಜೋಡಿ ವಾಸ ಇದ್ದರ ಸೊಸೀನೂ ಕೇಳಬಹುದು."

"ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ."

ಆವತ್ತು ಸಂಜೆ ಅಡಿಗೆ ಆಗಲಿಲ್ಲ. ಶಿವಕುಮಾರಿ ನೆಲದ ಮೇಲೆ ಗೋಡೆಗೆ ಒರಗಿ ಕೂತಳು, ಸ್ನೇಹಲ್ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡಳು. ಶಿವಕುಮಾರಿಯನ್ನೂ ದಾವೆಯಲ್ಲಿ ಸೇರಿಸಲು ಅರ್ಜಿ, ಜೊತೆಗೆ ಅದೇ ಮೂವತ್ತೊಂದು ಪ್ರಶ್ನೆಗಳಿಗೆ ಅವಳದೇ ಉತ್ತರ, ಇಷ್ಟನ್ನೂ ಕೊಡುವುದೆಂದು ಭೀಮರಾಯ ಒಲ್ಲದ ಮನಸ್ಸಿನಿಂದ ಒಪ್ಪಿದ್ದ. ಶಂಕ್ರೆಪ್ಪ ಬಾಗಿಲಲ್ಲಿ ನಿಂತು ಮೂರನೆಯ ಸಲ ಅದನ್ನೇ ಅಂದ.

"ನೀ ಹಿಂಗ ಬರದ್ರ ನಾ ಕೋರ್ಟಿನಾಗ ಸುಳ್ಳಗಾರ ಆಗತೀನಿ."

"ಅದಕ್ಕ ನೀವೂ ಹೋಗಿ ತಪ್ಪ ಬರದೇನಿ ಅಂತ ತಿದ್ದಿಸಿ ಬರ್ರಿ. ವಕೀಲರು ದಾರಿ ಐತಿ ಅಂದಾರ."

"ಮಂದಿ ಏನ ಅಂದಾರು?"

"ಮಂದಿಗೆ ಮೊದಲ ಗೊತ್ತೈತಿ. ಹನ್ನೊಂದ ಬಾಗಲಾ."

"ಖೋಲಿ ನಿನ್ನ ಹೆಸರಿಗೆ ಆದ್ರ, ನಾ?"

"ಇರ್ರಿ. ಯಾರ ಬ್ಯಾಡಂದ್ರು? ನಿಮ್ಮವ್ವನ್ನ ಹೊರಗ ಹಾಕಲಿಲ್ಲ ನಾ, ನಿಮ್ಮನ್ನ ಹಾಕತೀನೇನು?"

ಅವನು ಗ್ಯಾಲರಿಗೆ ಹೋದ. ಸ್ನೇಹಲ್ ಮೊದಲಿನಿಂದ ಕೇಳುತ್ತ, ಟೈಪು ಮಾಡುತ್ತ ಬಂದಳು. ರೇಷನ್ ಕಾರ್ಡು ಊರಿನದು, ಹೌದು. ವೋಟು ಊರಲ್ಲಿ ಹಾಕಿದೆ, ಬಸ್ಸು ಬಿಟ್ಟಿದ್ದರು, ಹೌದು. ಯಾವುದನ್ನೂ ಮುಚ್ಚಿಡಬೇಡ ಎಂದಿದ್ದಳು ಶಿವಕುಮಾರಿ.

"ಮಮ್ಮಿ, ನೈಂಟೀನ್."

"ನಾನು ಅಂತ ಬರಿ. ನಾಲ್ಕ ವರ್ಷ ನಾನು ಒಬ್ಬಾಕಿ. ಪೈಸಾ ಯಾರೂ ಕೊಟ್ಟಿಲ್ಲ, ನಾ ಕೇಳಿಲ್ಲ."

"ಬರ್ದೆ."

"ಇನ್ನ ಬರಿ. ಆಕೀ ಮಕ್ಕಳಿಬ್ಬರೂ ಹೇಸಿ ದೂರ ನಿಂತಿದ್ರು. ನನಗೂ ಹೇಸಿಗಿ ಬರ್ತಿತ್ತು. ಎಷ್ಟೋ ದಿನಾ ವಾಂತಿ ಮಾಡಕೊಂಡೇನಿ, ಇವತ್ತರ ಸಾಯಬಾರದೇನು ಈ ಮುದುಕಿ ಅಂತ ಅಂದೇನಿ."

ಸ್ನೇಹಲ್ ಬೆರಳು ನಿಲ್ಲಿಸಿದಳು. "ಮಮ್ಮಿ, ಇದು ಬೇಡ ನಾ. ವಕೀಲ್ ಅಂಕಲ್ ಕಟ್ ಮಾಡ್ತಾರ. ಕೇಸಿಗೆ ಉಲ್ಟಾ ಆಗ್ತದ."

"ಪ್ರಮಾಣ ಮಾಡಿ ಹೇಳೂದಲ್ಲೇನು?" ಎಂದಳು ಶಿವಕುಮಾರಿ. "ಹಂಗ ಅಂದೇನಿ, ಅಂದು ಮತ್ತ ಎದ್ದು ಬಳದೇನಿ. ಬರಿ."

ಸ್ನೇಹಲ್ ಬರೆದಳು.